ನನ್ನ ಹೆಸರಿನ ಫೋಲ್ಡರು

ಅಧ್ಯಕ್ಷತೆ ವಹಿಸಿರುವ, ಆಗಲೇ ಮೂರು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ನಿರ್ದೇಶಕರೇ, ನಲವತ್ತು ವರ್ಷ ಈ ಬಂದರಿನೊಳಕ್ಕೆ ಹಡಗುಗಳನ್ನು ಕೈ ಹಿಡಿದು ಕರೆತಂದ ಹಿರಿಯ ಪೈಲಟರೂ ಇಂದಿನ ಮುಖ್ಯ ಅತಿಥಿಗಳೂ ಆದ ಮಾನ್ಯರೇ, ವೇದಿಕೆಯ ಮೇಲಿರುವ ಗಣ್ಯರೇ, ನನ್ನ ಸಹೋದ್ಯೋಗಿಗಳೇ, ಮೂವತ್ತಮೂರು ವರ್ಷ ನನಗೆ ಸಕ್ಕರೆ ಕಡಿಮೆ ಹಾಕಿ ಚಹಾ ಕೊಟ್ಟ ಕ್ಯಾಂಟೀನಿನ ಅಕ್ಕಂದಿರೇ, ಮೊದಲ ಸಾಲಿನಲ್ಲಿ ಕೂತು 'ಬೇಗ ಮುಗಿಸಿ' ಎಂದು ಕಣ್ಣಿನಲ್ಲೇ ಹೇಳುತ್ತಿರುವ ನನ್ನ ಹೆಂಡತಿಯೇ, ಮತ್ತು ಸಮಸ್ತ ಸಭಿಕರೇ,

ನನಗಿಂತ ಮೊದಲು ಮಾತನಾಡಿದವರು ನನ್ನನ್ನು ಬಹಳ ಹೊಗಳಿದರು. ಹೊಗಳಿಸಿಕೊಳ್ಳುವುದು ಬೇಡ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಕಿವಿಗೆ ಹಿತವಾಗಿಯೇ ಇತ್ತು. ನನ್ನ ಅಡ್ಡಹೆಸರು 'ಹತ್ತು ನಿಮಿಷ' ಎಂಬುದನ್ನೂ ಹೇಳಿದರು. ಲೆಕ್ಕದ ಕೋಣೆಯ ಯಂತ್ರ ಎಷ್ಟೇ ಮೊಂಡು ಹಿಡಿಯಲಿ, ಈ ಮನುಷ್ಯ ಬಂದು ಕೂತರೆ ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯನ್ನು ನಾನು ಈಗ ವಾಪಸು ಕೊಡಬೇಕಾಗಿದೆ.

ನಾಲ್ಕು ಪುಟದ ಭಾಷಣ ಬರೆದು ತಂದಿದ್ದೆ. ಅದು ಜೇಬಿನಲ್ಲೇ ಇರಲಿ. ಅದರಲ್ಲಿ ನನ್ನ ಬಗ್ಗೆ ಎಲ್ಲ ಒಳ್ಳೆಯದೇ ಇದೆ. ಈಗ ಗಂಟೆ ಮೂರೂಮುಕ್ಕಾಲು. ನಿವೃತ್ತನಾದವನ ಕಂಪ್ಯೂಟರ್ ಖಾತೆಯನ್ನು ಅವನ ಕೊನೆಯ ದಿನ ಸಂಜೆ ಐದಕ್ಕೆ ಸರಿಯಾಗಿ ಮುಚ್ಚುವುದು ನಮ್ಮ ಕಚೇರಿಯ ಪದ್ಧತಿ. ಅವನ ಹೆಸರಿನ ಫೋಲ್ಡರನ್ನು ಅಳಿಸಿಬಿಡುತ್ತಾರೆ. ನನ್ನದಕ್ಕೂ ಇನ್ನು ಒಂದೂಕಾಲು ಗಂಟೆ ಆಯುಸ್ಸು. ಅದು ಹೋಗುವ ಮೊದಲು, ಆ ಫೋಲ್ಡರಿನಲ್ಲಿ ಏನಿತ್ತು, ಅದರಿಂದ ಯಾರಿಗೆ ಏನು ಅನ್ಯಾಯವಾಯಿತು ಎಂದು ನಿಮ್ಮೆಲ್ಲರ ಎದುರು ಹೇಳಬೇಕು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ನನ್ನ ಬಗ್ಗೆ ನನಗೆ ಚೆನ್ನಾಗಿ ಗೊತ್ತಿದೆ.

ಸಭೆಯಲ್ಲಿ ಮನೆಯವರೂ ಮಕ್ಕಳೂ ಇದ್ದೀರಿ. ನಾವು ಮಾಡುವ ಕೆಲಸ ಏನು ಎಂದು ಮೊದಲು ಹೇಳುತ್ತೇನೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಯಾವ ಹೊತ್ತಿಗೆ ಎಷ್ಟು ಏರುತ್ತದೆ ಎಂಬ ಲೆಕ್ಕ ಹಾಕಿ, ಬೆಳಿಗ್ಗೆ ಆರು ಗಂಟೆಗೆ ಒಂದು ಪಟ್ಟಿಯನ್ನು ಬಂದರಿಗೆ ಕಳಿಸುವುದು ನಮ್ಮ ಕೆಲಸ. ಆ ಪಟ್ಟಿ ನೋಡಿಯೇ ಪೈಲಟರು ಹಡಗನ್ನು ಕಾಲುವೆಯೊಳಕ್ಕೆ ತರುತ್ತಾರೆ. ಹಡಗಿನ ತಳಕ್ಕೂ ಕಾಲುವೆಯ ನೆಲಕ್ಕೂ ನಡುವೆ ಕೆಲವು ಸಲ ಮೊಳದಷ್ಟು ನೀರೂ ಇರುವುದಿಲ್ಲ. ನಮ್ಮ ಅತಿಥಿಗಳು ತಲೆಯಾಡಿಸುತ್ತಿದ್ದಾರೆ. ಅವರು ನನ್ನ ಪಟ್ಟಿಯನ್ನು ನಂಬಿ ಉಸಿರು ಬಿಗಿಹಿಡಿದು ನಿಂತವರು.

ಈ ಲೆಕ್ಕದ ಪ್ರೋಗ್ರಾಂ ಎರಡು ಭಾಷೆಗಳಲ್ಲಿದೆ. ಮೇಲೆ ಇರುವುದು ಸ್ಕ್ರಿಪ್ಟ್ ಭಾಷೆ. ಬರೆದ ಕೂಡಲೇ ಓಡುತ್ತದೆ, ತಿದ್ದುವುದು ಸುಲಭ, ಸ್ವಭಾವ ಒಳ್ಳೆಯದು, ಆದರೆ ಭಾರ ಹೊರಿಸಿದರೆ ಏದುಸಿರು ಬಿಡುತ್ತದೆ. ಹಾಗಾಗಿ ಭಾರದ ಲೆಕ್ಕವನ್ನೆಲ್ಲ ಸಿ ಭಾಷೆಯಲ್ಲಿ ಒಂದು ಚಿಕ್ಕ ತುಂಡಾಗಿ ಬರೆದು, ಅದನ್ನು ಕಂಪೈಲರ್ ಎಂಬ ಅನುವಾದಕ ಪ್ರೋಗ್ರಾಂಗೆ ಕೊಟ್ಟು, ಯಂತ್ರದ ಭಾಷೆಗೆ ಇಳಿಸಿ, ಮೇಲಿನ ಭಾಷೆಗೆ ಜೋಡಿಸುತ್ತೇವೆ. ಅದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತೇವೆ. ಕಂಪ್ಯೂಟರ್ ಬದಲಾದಾಗ, ಮೇಲಿನ ಭಾಷೆಯ ಹೊಸ ಆವೃತ್ತಿ ಬಂದಾಗ, ಈ ತುಂಡನ್ನು ಹೊಸದಾಗಿ ಕಟ್ಟಬೇಕು. ಇಷ್ಟೇ. ಇಷ್ಟರಲ್ಲೇ ನನ್ನ ತಲೆಗೂದಲು ಹೋಯಿತು.

ಯಾಕೆ ಎಂದು ಕೇಳಿ. ಆ ಸ್ಕ್ರಿಪ್ಟ್ ಭಾಷೆಗೆ ಒಂದು ವಿಚಿತ್ರ ನೆನಪಿನ ಶಕ್ತಿ ಇದೆ. ತನ್ನನ್ನು ಎಲ್ಲೋ ಯಾರೋ ಕಟ್ಟಿದಾಗ ಯಾವ ಕಂಪೈಲರ್ ಬಳಸಿದರು, ಅದು ಯಾವ ವಿಳಾಸದಲ್ಲಿತ್ತು, ಅದಕ್ಕೆ ಏನೇನು ಸೂಚನೆ ಕೊಟ್ಟರು ಎಂಬುದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ನೀವು ನಿಮ್ಮ ಯಂತ್ರದಲ್ಲಿ ಎಕ್ಸ್‌ಟೆನ್ಷನ್ ಕಟ್ಟು ಎಂದರೆ ಅದು ನಿಮ್ಮ ಮನೆಯ ಕಂಪೈಲರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತದೆ. ಅಲ್ಲಿ ಯಾರೂ ಇರುವುದಿಲ್ಲ. 'ಕಂಪೈಲರ್ ಸಿಗಲಿಲ್ಲ' ಎಂದು ಹೇಳಿ ಕೂತುಬಿಡುತ್ತದೆ.

ನಮ್ಮ ಅತ್ತೆ ಹೀಗೇ ಇದ್ದರು. ನನ್ನ ಹೆಂಡತಿ ಸಿಟ್ಟಾಗಬಾರದು, ಸತ್ಯವನ್ನೇ ಹೇಳುತ್ತಿದ್ದೇನೆ. ಅವರಿಗೆ ಒಬ್ಬರೇ ಡಾಕ್ಟರ ಮೇಲೆ ನಂಬಿಕೆ. ಆ ಡಾಕ್ಟರು ಕ್ಲಿನಿಕ್ ಮುಚ್ಚಿ ಊರು ಬಿಟ್ಟು ಹೋಗಿ, ಆ ಜಾಗದಲ್ಲಿ ಚಪ್ಪಲಿ ಅಂಗಡಿ ಬಂದು ಎರಡು ವರ್ಷವಾಗಿತ್ತು. ಮೈ ಬಿಸಿಯಾದರೆ ಸಾಕು, "ಅಲ್ಲಿಗೇ ಕರ್ಕೊಂಡು ಹೋಗಿ" ಎನ್ನುವರು. ಕರೆದುಕೊಂಡು ಹೋಗಿ ಚಪ್ಪಲಿ ಅಂಗಡಿಯ ಮುಂದೆ ನಿಲ್ಲಿಸಿದರೆ, ಒಂದು ಗಳಿಗೆ ನೋಡಿ, "ಇವತ್ತು ರಜಾ ಅಂತ ಕಾಣ್ಸುತ್ತೆ, ನಾಳೆ ಬರೋಣ" ಎನ್ನುವರು. ನಗಬೇಡಿ. ನಾನೂ ಆಗ ನಕ್ಕಿದ್ದೆ.

ಹನ್ನೊಂದು ವರ್ಷದ ಹಿಂದೆ ನಮ್ಮ ಕೋಣೆಗೆ ಹೊಸ ಯಂತ್ರ ಬಂದಾಗ ನಾನು ಈ ಸಮಸ್ಯೆಯನ್ನು ಮೊದಲ ಸಲ ಎದುರಿಸಿದೆ. ಮೂರು ದಿನ ಒದ್ದಾಡಿದೆ. ಒಂದು ತಪ್ಪು ತಿದ್ದಿದರೆ ಅದರ ಹಿಂದೆ ಇನ್ನೊಂದು. ಕಂಪೈಲರ್ ವಿಳಾಸ ಸರಿ ಮಾಡಿದರೆ, ನೀನು ಹೇಳಿದ ಸೂಚನೆ ನನಗೆ ಅರ್ಥವಾಗುವುದಿಲ್ಲ ಎಂದಿತು. ಅರ್ಥವಾಗದ ಸೂಚನೆ ತೆಗೆದರೆ, ಬೇಕಾದ ಫೈಲು ಕಾಣುತ್ತಿಲ್ಲ ಎಂದಿತು. ಅದನ್ನೂ ತೋರಿಸಿದ ಮೇಲೆ ಸುಮ್ಮನೆ ಕಟ್ಟಿಕೊಂಡಿತು. ಆದರೆ ಲೆಕ್ಕ ತಪ್ಪು! ನೀರಿನ ಮಟ್ಟ ಎರಡು ಬೆರಳಿನಷ್ಟು ಹೆಚ್ಚು ತೋರಿಸುತ್ತಿತ್ತು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು. ಮೇಲಿನ ಭಾಷೆಯನ್ನು ಕಟ್ಟಿದ ಪುಣ್ಯಾತ್ಮರು, ವೇಗ ಬೇಕೆಂದು, ದಶಮಾಂಶಗಳನ್ನು ಅಡ್ಡದಾರಿಯಲ್ಲಿ ಕೂಡಿಸು ಎಂದು ಒಂದು ಸೂಚನೆ ಕೊಟ್ಟಿದ್ದರು. ಆ ಸೂಚನೆ ನಮ್ಮ ತುಂಡಿಗೂ ತಾನಾಗಿಯೇ ಅಂಟಿಕೊಂಡಿತ್ತು. ಸಾವಿರಾರು ಸಲ ಕೂಡಿಸುವಾಗ ಪ್ರತಿ ಸಲ ಕೂದಲೆಳೆಯಷ್ಟು ತಪ್ಪಿ, ಕೊನೆಗೆ ಎರಡು ಬೆರಳಾಗುತ್ತಿತ್ತು.

ನಾನು ಮಾಡಿದ್ದು ಇಷ್ಟು. ನನ್ನ ಹೆಸರಿನ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲು ಬರೆದಿಟ್ಟೆ. ಅದು ಬೇಡದ ಸೂಚನೆಯನ್ನು ಕಿತ್ತು, ಬೇಕಾದ್ದನ್ನು ಸೇರಿಸಿ, ನಿಜವಾದ ಕಂಪೈಲರನ್ನು ಕರೆಯುತ್ತಿತ್ತು. ಆಮೇಲೆ ಕಚೇರಿಯ ಸೆಟ್ಟಿಂಗ್ ಫೈಲಿನಲ್ಲಿ, ಕಂಪೈಲರ್ ಎಲ್ಲಿದೆ ಎಂಬ ಜಾಗದಲ್ಲಿ, ನನ್ನ ಫೋಲ್ಡರಿನ ವಿಳಾಸ ಕೊಟ್ಟೆ. ಪಟ್ಟಿ ಸರಿಬಂತು. ಆವತ್ತಿಗೆ ಅದು ತಪ್ಪಲ್ಲ. ಬೆಳಿಗ್ಗೆ ಆರಕ್ಕೆ ಪಟ್ಟಿ ಹೋಗಬೇಕಿತ್ತು, ಹೋಯಿತು. ಮಾರನೆಯ ದಿನ ಅದನ್ನು ಎಲ್ಲರಿಗೂ ಸೇರಿದ ಫೋಲ್ಡರಿಗೆ ಹಾಕಿ, ಯಾವ ಸೂಚನೆ ಯಾಕೆ ಎಂದು ಎರಡು ಸಾಲು ಬರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಐದು ನಿಮಿಷದ ಕೆಲಸ. ನಾಳೆ ಮಾಡೋಣ ಎಂದುಕೊಂಡೆ. ಆ ನಾಳೆ ಹನ್ನೊಂದು ವರ್ಷ ಬರಲಿಲ್ಲ.

ಸೋಮಾರಿತನ ಎಂದುಕೊಳ್ಳಬೇಡಿ. ಸೋಮಾರಿತನವಾಗಿದ್ದರೆ ಇಷ್ಟು ಹೊತ್ತು ಕೂರಿಸಿ ನಿಮಗೆ ಹೇಳುತ್ತಿರಲಿಲ್ಲ.

ನಮ್ಮಪ್ಪನ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಎಣ್ಣೆ ವಾಸನೆ, ಕಬ್ಬಿಣದ ಪುಡಿ, ಗೋಡೆಗೆ ಒರಗಿಸಿದ ನಾಲ್ಕೈದು ಯಂತ್ರಗಳ ತಲೆಗಳು. ಊಟದ ತಟ್ಟೆ ಹಿಡಿದು ಆ ಕೋಣೆಯನ್ನು ದಾಟುವಾಗ ಕಾಲಿಗೆ ಏನಾದರೂ ತಾಕದೆ ಇರುತ್ತಿರಲಿಲ್ಲ. ಅಪ್ಪನ ಕೈ ಬಹಳ ಒಳ್ಳೆಯದು. ಆದರೆ ಅವರಿಗೊಂದು ಅಭ್ಯಾಸವಿತ್ತು. ರಿಪೇರಿ ಮಾಡಿದ ಪ್ರತಿ ಯಂತ್ರದಲ್ಲೂ ಒಂದು ಸ್ಕ್ರೂ ತೆಗೆದು, ತಾವೇ ಅರದಿಂದ ತಲೆ ಉಜ್ಜಿದ ಇನ್ನೊಂದು ಸ್ಕ್ರೂ ಹಾಕುತ್ತಿದ್ದರು. ಅದರ ತಲೆಯ ಗೀರು ಓರೆ. ಪೇಟೆಯಲ್ಲಿ ಸಿಗುವ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರುವುದಿಲ್ಲ. ಅಪ್ಪನ ಜೇಬಿನಲ್ಲಿರುವುದು ಮಾತ್ರ ಕೂರುತ್ತದೆ.

"ಇನ್ನೊಬ್ಬನ ಹತ್ರ ಹೋಗ್ಬಾರ್ದು ನೋಡು," ಎಂದು ಅಪ್ಪ ಕಣ್ಣು ಮಿಟುಕಿಸುತ್ತಿದ್ದರು. ನಾನು ಕಾಲೇಜಿನಲ್ಲಿದ್ದೆ. ಎಂಥ ಬುದ್ಧಿ ನಮ್ಮಪ್ಪನದು ಎಂದು ಬೀಗಿದ್ದೆ.

ಆಮೇಲೆ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು, ಬಲಗೈ ಹೋಯಿತು. ಒಂದು ದಿನ ಒಬ್ಬ ಹೆಂಗಸು, ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು, ಯಂತ್ರದ ತಲೆಯನ್ನು ಕಂಕುಳಲ್ಲಿ ಹೊತ್ತುಕೊಂಡು ಬಂದಳು. ಶಾಲೆ ಶುರುವಾಗುವುದಕ್ಕೆ ಎಂಟು ದಿನ. ಯಂತ್ರ ಕಚ್ಚಿಕೊಂಡಿದೆ, ಊರಿನಲ್ಲಿ ಯಾರಿಂದಲೂ ಬಿಚ್ಚಲು ಆಗುತ್ತಿಲ್ಲ. ಅಪ್ಪ ಹಾಸಿಗೆಯಲ್ಲಿ ಕೂತು ಎಡಗೈಯಲ್ಲಿ ಆ ಸ್ಕ್ರೂ ಬಿಚ್ಚಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಆಗಲಿಲ್ಲ. ಆ ಹೆಂಗಸು ಅಳುತ್ತಾ ನಿಂತಿದ್ದಳು. ಅಮ್ಮ ಅಡುಗೆಮನೆಯಿಂದ ಬಂದು, ಅಪ್ಪನ ಕೈಯಿಂದ ಸ್ಕ್ರೂಡ್ರೈವರ್ ತೆಗೆದು ಅವಳ ಕೈಗೆ ಕೊಟ್ಟು, "ತಗೊಂಡು ಹೋಗಮ್ಮ, ವಾಪಸ್ ತರೋದು ಬೇಡ" ಎಂದರು. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಆವತ್ತು ನನಗೆ ಅಮ್ಮನ ಮೇಲೆ ಬಹಳ ಸಿಟ್ಟು ಬಂದಿತ್ತು ಎಂಬುದನ್ನು ದಯವಿಟ್ಟು ಗಮನಿಸಿ.

ಹಾಂ, ಎಲ್ಲಿದ್ದೆ? ಹನ್ನೊಂದು ವರ್ಷ. ಈ ಹನ್ನೊಂದು ವರ್ಷಗಳಲ್ಲಿ ಎಕ್ಸ್‌ಟೆನ್ಷನ್ ಎಷ್ಟು ಸಲ ಕೆಟ್ಟಿತು? ಒಂಬತ್ತೋ ಹತ್ತೋ ಸಲ. ಪ್ರತಿ ಸಲವೂ ಏನಾಗುತ್ತಿತ್ತು? ಯಾರೋ ಓಡಿ ಬಂದು, "ಸರ್, ಬಿಲ್ಡ್ ಆಗ್ತಿಲ್ಲ, ಸ್ವಲ್ಪ ಬನ್ನಿ" ಎನ್ನುತ್ತಿದ್ದರು. ನಾನು ಅವಸರ ಮಾಡದೆ ಕನ್ನಡಕ ಒರೆಸಿಕೊಂಡು ಹೋಗುತ್ತಿದ್ದೆ. "ನೀವೆಲ್ಲ ಚಹಾ ಕುಡಿದು ಬನ್ನಿ" ಎಂದು ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದೆ. ನನಗೆ ಜನರಿದ್ದರೆ ಗಮನ ನಿಲ್ಲುವುದಿಲ್ಲ ಎಂದುಕೊಂಡಿದ್ದಿರಿ ಅಲ್ಲವೇ? ಗಮನವೂ ಇಲ್ಲ, ಮಣ್ಣೂ ಇಲ್ಲ. ನನ್ನ ಫೋಲ್ಡರು ತೆರೆಯುವುದನ್ನು ಯಾರೂ ನೋಡಬಾರದಿತ್ತು, ಅಷ್ಟೇ. ಒಂದು ಸಾಲು ತಿದ್ದುವುದಕ್ಕೆ ಒಂದು ನಿಮಿಷ. ಉಳಿದ ಒಂಬತ್ತು ನಿಮಿಷ ಕಿಟಕಿಯಿಂದ ಹಡಗು ನೋಡುತ್ತಾ ಕೂತಿರುತ್ತಿದ್ದೆ. ಬೇಗ ಎದ್ದು ಬಂದರೆ ಬೆಲೆ ಇರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿ ನಮ್ಮ ಕೋಣೆಗೆ ಕೆಲಸಕ್ಕೆ ಸೇರಿದಳು. ಅವಳಿಗೆ ನೀವು ಇಟ್ಟ ಹೆಸರು 'ಯಾಕೆ'. ಏನು ಹೇಳಿದರೂ ಯಾಕೆ ಎಂದು ಕೇಳುತ್ತಾಳೆ. ಪಟ್ಟಿ ಆರಕ್ಕೇ ಯಾಕೆ ಹೋಗಬೇಕು, ಹಳೆಯ ಪಟ್ಟಿಗಳನ್ನು ತಗಡಿನ ಪೆಟ್ಟಿಗೆಯಲ್ಲೇ ಯಾಕೆ ಇಡಬೇಕು, ಕ್ಯಾಂಟೀನಿನಲ್ಲಿ ಬುಧವಾರ ಬಿಸ್ಕತ್ತು ಯಾಕಿಲ್ಲ. ಸೇರಿದ ಎರಡನೆಯ ವಾರವೇ ನನ್ನ ಮೇಜಿನ ಹತ್ತಿರ ಬಂದಳು.

"ಸರ್, ಸೆಟ್ಟಿಂಗ್ ಫೈಲಲ್ಲಿ ಕಂಪೈಲರ್ ಇರೋ ಕಡೆ ನಿಮ್ಮ ಹೆಸರಿದೆಯಲ್ಲ, ಯಾಕೆ?"

"ಅದು ಹಳೇದಮ್ಮ. ಹಾಗೇ ಇರ್ಲಿ, ಮುಟ್ಟಬೇಡ," ಎಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. ಅವಳು ಮುಟ್ಟಲಿಲ್ಲ. ಹಿರಿಯರು ಬೇಡ ಎಂದರೆ ಮುಟ್ಟಬಾರದು ಎಂದು ಅವಳಿಗೆ ಮನೆಯಲ್ಲಿ ಹೇಳಿಕೊಟ್ಟಿದ್ದರು. ಅದರ ಲಾಭ ನನಗಾಯಿತು.

ಎರಡು ವರ್ಷದ ಹಿಂದೆ ನನಗೆ ಮೊಣಕಾಲಿನ ಆಪರೇಷನ್ ಆಯಿತು. ಮೂರು ವಾರ ರಜೆ. ಹತ್ತು ದಿನಕ್ಕಿಂತ ಹೆಚ್ಚು ರಜೆ ಹೋದವರ ಖಾತೆಗೆ ಕಚೇರಿಯಲ್ಲಿ ಬೀಗ ಹಾಕುತ್ತಾರೆ, ನನ್ನದಕ್ಕೂ ಹಾಕಿದರು. ಅದೇ ವಾರ ಮೇಲಿನ ಭಾಷೆಯ ಹೊಸ ಆವೃತ್ತಿ ಬಂತು. ಎಕ್ಸ್‌ಟೆನ್ಷನ್ ಕಟ್ಟಲು ಹೋದರೆ, ಅದು ನನ್ನ ಫೋಲ್ಡರಿನ ಬಾಗಿಲು ತಟ್ಟಿತು. ಬಾಗಿಲಿಗೆ ಬೀಗ. ಕೋಣೆಯಲ್ಲಿ ಆ ಹೊತ್ತಿಗೆ ಇದ್ದವಳು ಅವಳೊಬ್ಬಳು.

ಇದುವರೆಗೆ ನಾನು ಹೇಳಿದ್ದನ್ನು ಆಲಸ್ಯ ಎಂದೋ ಜಂಬ ಎಂದೋ ನೀವು ಕ್ಷಮಿಸಬಹುದು. ಇನ್ನು ಮುಂದಿನದಕ್ಕೆ ಕ್ಷಮೆ ಕೇಳುವ ಧೈರ್ಯ ನನಗಿಲ್ಲ.

ಎರಡನೆಯ ದಿನ ಅವಳು ನನಗೆ ಫೋನ್ ಮಾಡಿದಳು. ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಹಾಸಿಗೆಯಲ್ಲಿದ್ದೆ. "ಸರ್, ನಿಮಗೆ ತೊಂದರೆ ಕೊಡ್ತಿದೀನಿ. ನಿಮ್ಮ ಫೋಲ್ಡರಲ್ಲಿ ಏನಿದೆ ಅಂತ ಹೇಳಿದ್ರೆ ನಾನೇ ಮಾಡ್ಕೋತೀನಿ," ಎಂದಳು. ಹೇಳಬೇಕಾದದ್ದು ಎರಡು ವಾಕ್ಯ. ಇಂಥ ಸೂಚನೆ ತೆಗಿ, ಇಂಥದ್ದು ಹಾಕು. ನನಗೆ ಜ್ವರವಿರಲಿಲ್ಲ, ಮಂಪರಿರಲಿಲ್ಲ, ಬುದ್ಧಿ ಸ್ವಚ್ಛವಾಗಿತ್ತು. ನಾನು ಏನೆಂದೆ?

"ಅದು ಫೋನಲ್ಲಿ ಹೇಳೋಕೆ ಆಗಲ್ಲಮ್ಮ. ಬಂದು ನೋಡ್ತೀನಿ ಬಿಡು."

ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಕಿತ್ತಳೆ ಸುಲಿಯುತ್ತಾ, "ಪಾಪ, ಅಷ್ಟು ಕಷ್ಟದ್ದಾ ಅದು?" ಎಂದು ಕೇಳಿದಳು. "ನಿನಗೆ ಗೊತ್ತಾಗಲ್ಲ" ಎಂದೆ. ಅವಳಿಗೆ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಆವತ್ತು ಆ ಕಿತ್ತಳೆಯನ್ನು ಅವಳು ನನಗೆ ಕೊಡದೆ ತಾನೇ ತಿಂದಳು.

ಆ ಹುಡುಗಿ ಬರೀ ಕೈಯಲ್ಲಿ ಹೋರಾಡಿದಳು. ನಾನು ಹನ್ನೊಂದು ವರ್ಷದ ಹಿಂದೆ ದಾಟಿದ ಹಳ್ಳಗಳನ್ನೆಲ್ಲ ಅವಳೂ ದಾಟಿದಳು. ನಾಲ್ಕನೆಯ ದಿನ ಎಕ್ಸ್‌ಟೆನ್ಷನ್ ಕಟ್ಟಿಕೊಂಡಿತು, ಪಟ್ಟಿಯೂ ಬಂತು. ಬೇರೆ ಯಾರಾದರೂ ಆಗಿದ್ದರೆ ನಿಟ್ಟುಸಿರು ಬಿಟ್ಟು ಕಳಿಸಿಬಿಡುತ್ತಿದ್ದರು. ಅವಳು ಹಿಂದಿನ ತಿಂಗಳ ಲೆಕ್ಕವನ್ನೇ ಹೊಸದಾಗಿ ಹಾಕಿಸಿ, ಆಗ ಹೋಗಿದ್ದ ಪಟ್ಟಿಯ ಪಕ್ಕ ಇಟ್ಟು ನೋಡಿದಳು. ಎರಡು ಬೆರಳು ಹೆಚ್ಚು. ಕಳಿಸುವುದಿಲ್ಲ ಎಂದಳು. ಹೊರಗೆ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ಬಂದರಿನವರು ಹಳೆಯ ಪುಸ್ತಕ ನೋಡಿ ಕೈಯಲ್ಲಿ ಲೆಕ್ಕ ಹಾಕಿ, ಅನುಮಾನವಿಲ್ಲದ ಹಡಗುಗಳನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಮೇಲಧಿಕಾರಿಗಳು ಬಂದು, "ಎರಡು ಬೆರಳು ತಾನೇ, ಕಳಿಸಮ್ಮ" ಎಂದರು. ಈ ನಿರ್ದೇಶಕರಲ್ಲ, ಹಿಂದಿನವರು. ಅವಳು, "ಯಾಕೆ ತಪ್ಪಿದೆ ಅಂತ ಗೊತ್ತಾಗೋವರೆಗೆ ಕಳಿಸಲ್ಲ ಸರ್" ಎಂದಳಂತೆ. ಒಂಬತ್ತು ದಿನ ಪಟ್ಟಿ ನಿಂತಿತ್ತು.

ಕಾಲುವೆಯಲ್ಲಿ ಎರಡು ಬೆರಳು ನೀರು ಇದೆ ಎಂದುಕೊಂಡು ಇಲ್ಲದಿದ್ದರೆ ಏನಾಗುತ್ತದೆ? ನಮ್ಮ ಅತಿಥಿಗಳನ್ನು ಕೇಳಿ. ಬೇಡ, ಅವರ ಮುಖ ನೋಡಿದರೆ ಸಾಕು.

ಹತ್ತನೆಯ ದಿನ ನಾನು ಊರುಗೋಲು ಹಿಡಿದು ಬಂದೆ. ರಜೆ ಇನ್ನೂ ಇತ್ತು, ಡಾಕ್ಟರು ಬೇಡ ಎಂದಿದ್ದರು. ನನ್ನ ಖಾತೆಯ ಬೀಗ ತೆಗೆಸಿದೆ. ಎಲ್ಲರನ್ನೂ ಚಹಾಕ್ಕೆ ಕಳಿಸಿದೆ. ಹತ್ತು ನಿಮಿಷ. ಪಟ್ಟಿ ಹೋಯಿತು. ಚಪ್ಪಾಳೆ ತಟ್ಟಿದಿರಿ. ಊರುಗೋಲಿನ ಜೊತೆ ನನ್ನ ಫೋಟೋ ತೆಗೆದು ಮೆಟ್ಟಿಲ ಕೆಳಗೆ ತೂಗುಹಾಕಿದಿರಿ. ಆ ಫೋಟೋದ ಅಂಚಿನಲ್ಲಿ, ನೀವು ಗಮನಿಸಿದ್ದೀರೋ ಇಲ್ಲವೋ, ಒಂಬತ್ತು ದಿನ ಸರಿಯಾಗಿ ನಿದ್ದೆ ಮಾಡದ ಒಂದು ಮುಖವಿದೆ. ಅವಳೂ ಚಪ್ಪಾಳೆ ತಟ್ಟುತ್ತಿದ್ದಾಳೆ.

ಮುಂದಿನ ತಿಂಗಳು ಅವಳಿಗೊಂದು ಮೆಮೊ ಬಂತು. ಒಂಬತ್ತು ದಿನ ಪಟ್ಟಿ ನಿಲ್ಲಿಸಿದ್ದಕ್ಕೆ, ಮೇಲಧಿಕಾರಿಗಳ ಮಾತು ಮೀರಿದ್ದಕ್ಕೆ, ಕೆಲಸ ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ. ಖಾಯಂ ಆದವರಿಗೆ ಮಾತ್ರ ಕಚೇರಿಯ ಕ್ವಾರ್ಟರ್ಸ್ ಸಿಗುತ್ತದೆ. ಅವಳು ತನ್ನ ಅಮ್ಮನನ್ನು ಕರೆತಂದು ಇಟ್ಟುಕೊಳ್ಳಬೇಕೆಂದು ದಿನ ಎಣಿಸುತ್ತಿದ್ದಳು. ಆ ತಾಯಿ ಇನ್ನೊಂದು ವರ್ಷ ತಮ್ಮ ಸೋದರನ ಮನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಅಲ್ಲಿ ನೆಟ್ಟಗೆ ನಿಲ್ಲುವುದಕ್ಕೂ ಆಗುವುದಿಲ್ಲವಂತೆ, ಕಳೆದರು. ಅಮ್ಮಾ, ನೀವು ನಾಲ್ಕನೆಯ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದೀರಿ. ನಿಮಗೆ ಆ ವರ್ಷ ಬಗ್ಗಿ ನಡೆಯುವ ಹಾಗೆ ಮಾಡಿದವನು ನಾನು.

ಮೆಮೊ ಬಂದಾಗ ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಆಮೇಲೆ ಬಿಲ್ಡ್ ವಿಷಯಕ್ಕೆ ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಸಿಟ್ಟು ಎಂದುಕೊಂಡೆ. ಅದೃಷ್ಟಕ್ಕೆ ಎಕ್ಸ್‌ಟೆನ್ಷನ್ ಕೆಟ್ಟೇ ಇಲ್ಲ ಎಂದುಕೊಂಡೆ. ಇರಲಿ, ನಾನು ನಿವೃತ್ತನಾದ ದಿನ ಸಂಜೆ ಐದಕ್ಕೆ ಫೋಲ್ಡರು ಅಳಿಸುತ್ತಾರಲ್ಲ, ಆಗ ಗೊತ್ತಾಗುತ್ತದೆ ಎಂದುಕೊಂಡೆ.

ಹೌದು, ಹಾಗೆಯೇ ಎಂದುಕೊಂಡೆ. ಈ ವಯಸ್ಸಿನ ಮನುಷ್ಯ, ಮೊಮ್ಮಗಳಿರುವವನು, ತಾನು ಕೆಲಸ ಮಾಡಿದ ಕಚೇರಿ ತಾನಿಲ್ಲದೆ ಮುಗ್ಗರಿಸಲಿ ಎಂದು ಕಾಯುತ್ತಿದ್ದ. ನನ್ನ ಹೆಂಡತಿ ಎರಡು ತಿಂಗಳಿಂದ, ನಿವೃತ್ತಿಯಾದ ಮೇಲೆ ಬರುವ ಸೋಮವಾರವೇ ತನ್ನ ತಂಗಿಯ ಊರಿಗೆ ಹೋಗೋಣ, ಟಿಕೆಟ್ ತೆಗೆಸೋಣ ಎನ್ನುತ್ತಿದ್ದಾಳೆ. ಮೊದಲ ವಾರ ಬೇಡ, ಆಫೀಸಿನವರು ಫೋನ್ ಮಾಡುತ್ತಾರೆ ಎಂದೆ. "ನೀವು ಹೋದ ಮೇಲೂ ಯಾಕೆ ಮಾಡ್ತಾರೆ?" ಎಂದಳು. "ಮಾಡ್ತಾರೆ, ನೋಡ್ತಿರು," ಎಂದೆ. ಫೋನಿನ ಗಂಟೆಯ ಸದ್ದನ್ನೂ ಜೋರು ಮಾಡಿಸಿಟ್ಟಿದ್ದೇನೆ.

ಮೊನ್ನೆ ಬುಧವಾರ ಮಧ್ಯಾಹ್ನ ಸೆಟ್ಟಿಂಗ್ ಫೈಲು ತೆರೆದೆ. ಯಾಕೆ ತೆರೆದೆ ಎಂದು ಸುಳ್ಳು ಹೇಳುವುದಿಲ್ಲ. ನನ್ನ ಹೆಸರು ಅಲ್ಲಿ ಇದೆಯಲ್ಲ ಎಂದು ಒಂದು ಸಲ ಕಣ್ಣು ತುಂಬಾ ನೋಡಿಕೊಳ್ಳುವುದಕ್ಕೆ.

ಇರಲಿಲ್ಲ.

ಕಂಪೈಲರ್ ಇರುವ ಜಾಗದಲ್ಲಿ ಎಲ್ಲರಿಗೂ ಸೇರಿದ ಫೋಲ್ಡರಿನ ವಿಳಾಸವಿತ್ತು. ತಿದ್ದಿದ ದಿನಾಂಕ ನೋಡಿದೆ. ನಾನು ಊರುಗೋಲು ಹಿಡಿದು ಬಂದೆನಲ್ಲ, ಅದಾದ ಆರನೆಯ ದಿನ. ಎರಡು ವರ್ಷದಿಂದ ನನ್ನ ಫೋಲ್ಡರನ್ನು ಯಾರೂ ತಟ್ಟಿಯೇ ಇಲ್ಲ! ಈ ಎರಡು ವರ್ಷದಲ್ಲಿ ಎಕ್ಸ್‌ಟೆನ್ಷನ್ ನಾಲ್ಕು ಸಲ ಹೊಸದಾಗಿ ಕಟ್ಟಲ್ಪಟ್ಟಿದೆ, ನನಗೆ ಸುದ್ದಿಯೇ ಇಲ್ಲ. ಚಪ್ಪಲಿ ಅಂಗಡಿಯ ಮುಂದೆ ನಿಂತಿದ್ದವನು ನಾನು.

ತಿದ್ದಿದವಳು ಅವಳೇ; ನನ್ನ ಖಾತೆಯ ಬೀಗ ತೆಗೆದ ಮೇಲೆ ನನ್ನ ಫೈಲನ್ನು ಓದಿಕೊಂಡಿರಬೇಕು. ಅವಳ ಫೈಲು ತೆರೆದೆ. ನನ್ನ ಫೈಲಿನಲ್ಲಿ ಆರು ಸಾಲಿತ್ತು, ಒಂದು ಅಕ್ಷರದ ವಿವರಣೆ ಇರಲಿಲ್ಲ. ಅವಳದರಲ್ಲಿ ಪ್ರತಿ ಸೂಚನೆಯ ಮೇಲೂ ಅದು ಯಾಕೆ ಇದೆ ಎಂದು ಬರೆದಿತ್ತು. ಈ ಯಂತ್ರದ ಕಂಪೈಲರ್ ಇಲ್ಲಿದೆ, ಭಾಷೆಗೆ ನೆನಪಿರುವ ವಿಳಾಸವನ್ನು ನಂಬಬೇಡಿ. ಹೊಸ ಆವೃತ್ತಿ ಬಂದರೆ ಮೊದಲು ಇದನ್ನು ನೋಡಿ, ಆಮೇಲೆ ಅದನ್ನು ನೋಡಿ. ನಿನ್ನೆ ಕೆಲಸಕ್ಕೆ ಸೇರಿದವರೂ ಓದಿ ಮಾಡಬಹುದು. ಕೊನೆಯ ಸೂಚನೆಯ ಮೇಲೆ ಎರಡು ಸಾಲಿತ್ತು. ಅದು ನನಗೆ ಬಾಯಿಪಾಠವಾಗಿದೆ.

'ವೇಗದ ಸೂಚನೆಯನ್ನು ಇಲ್ಲಿ ತೆಗೆದುಹಾಕಿದೆ. ಇಲ್ಲದಿದ್ದರೆ ನೀರಿನ ಮಟ್ಟ ಎರಡು ಬೆರಳು ತಪ್ಪುತ್ತದೆ. ಇದನ್ನು ಮೊದಲು ಕಂಡುಹಿಡಿದವರು ಹತ್ತು ನಿಮಿಷ ಸರ್.'

ನನ್ನ ಹೆಸರನ್ನು ವಿಳಾಸದಿಂದ ತೆಗೆದು, ಇರಬೇಕಾದ ಕಡೆ ಇಟ್ಟಿದ್ದಳು. ನನಗೆ ಅಳು ಬಂತು. ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ, ನಾಚಿಕೆಪಡಬೇಕಾದದ್ದು ಬೇರೆ ಬೇಕಾದಷ್ಟಿದೆ.

ಅವಳ ಮೇಜಿನ ಹತ್ತಿರ ಹೋದೆ. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ನಾನು ಕೇಳಿದೆ. "ಯಾಕಮ್ಮ? ನಿನ್ನ ಕೈಲಿ ಎಲ್ಲ ಇತ್ತಲ್ಲ. ಮೆಮೊ ಬಂದಾಗ ಈ ಫೈಲು ತೋರಿಸಿದ್ರೆ ಸಾಕಿತ್ತು. ಯಾಕೆ ಹೇಳ್ಲಿಲ್ಲ?"

ಅವಳು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾನು ಹೇಳಿದ್ರೆ ಅದು ದೂರು ಆಗ್ತಿತ್ತು ಸರ್. ನೀವೇ ಹೇಳ್ತೀರ ಅಂತ ಕಾಯ್ತಿದ್ದೆ," ಎಂದಳು. ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು, "ಮೊದಲ ವರ್ಷ ಕಾದೆ. ಆಮೇಲೆ ಬಿಟ್ಟುಬಿಟ್ಟೆ," ಎಂದಳು. ಮತ್ತೆ ಕೆಲಸಕ್ಕೆ ತಿರುಗಿದಳು.

ಮಾನ್ಯ ನಿರ್ದೇಶಕರೇ, ಅವಳು ಕಾಯುವುದನ್ನು ಬಿಟ್ಟ ಮೇಲೆ ನಾನು ಹೇಳುತ್ತಿದ್ದೇನೆ. ತಡವಾಗಿದೆ ಎಂದು ಗೊತ್ತು. ಆ ಒಂಬತ್ತು ದಿನ ಪಟ್ಟಿ ನಿಂತದ್ದು ನನ್ನ ಫೋಲ್ಡರಿನಿಂದ. ತಪ್ಪು ಪಟ್ಟಿ ಹೋಗದೆ ಉಳಿದದ್ದು ಅವಳಿಂದ. ಇದನ್ನೆಲ್ಲ ದಿನಾಂಕ ಸಮೇತ ಬರೆದು ಸಹಿ ಹಾಕಿ ತಂದಿದ್ದೇನೆ. ಇಗೋ, ತಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ಆ ಮೆಮೊ ಅವಳ ಕಡತದಿಂದ ಹೊರಗೆ ಬರಬೇಕು, ಹೋದ ಒಂದು ವರ್ಷ ಅವಳ ಸೇವೆಗೆ ಸೇರಬೇಕು. ಇದು ಬೀಳ್ಕೊಡುಗೆಯ ದಿನ ಮುದುಕ ಕೇಳುವ ಉಡುಗೊರೆ ಎಂದು ನೋಡಬೇಡಿ, ಅವಳಿಗೆ ಸಲ್ಲಬೇಕಾದದ್ದು ಎಂದು ನೋಡಿ. ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳಬೇಕು ಎನ್ನಿಸುತ್ತದೋ ಐದು ಗಂಟೆಯೊಳಗೆ ತೆಗೆದುಕೊಳ್ಳಬಹುದು, ಅಲ್ಲಿಯವರೆಗೂ ನಾನು ತಮ್ಮ ನೌಕರ. ಮೆಟ್ಟಿಲ ಕೆಳಗಿನ ಫೋಟೋವನ್ನು ಬೆಳಿಗ್ಗೆ ನಾನೇ ಇಳಿಸಿ ತಂದಿದ್ದೇನೆ, ಕುರ್ಚಿಯ ಹಿಂದೆ ಇದೆ. ಮೊಳೆ ಮಾತ್ರ ಬಿಟ್ಟಿದ್ದೇನೆ. ಏನು ಹಾಕಬೇಕೆಂದು ನೀವು ಯೋಚಿಸಿ.

ಚಪ್ಪಾಳೆ ಬೇಡ. ದಯವಿಟ್ಟು.

ಈಗ ನಾಲ್ಕೂಕಾಲು. ಇನ್ನು ಮುಕ್ಕಾಲು ಗಂಟೆಗೆ ಕೆಳಗಿನ ಕೋಣೆಯಲ್ಲಿ ಯಾರೋ ಒಂದು ಗುಂಡಿ ಒತ್ತುತ್ತಾರೆ, ನನ್ನ ಹೆಸರಿನ ಫೋಲ್ಡರು ಹೋಗುತ್ತದೆ. ಏನೂ ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಪಟ್ಟಿ ಹೋಗುತ್ತದೆ, ಹಡಗು ಒಳಗೆ ಬರುತ್ತದೆ. ಈ ಮಾತು ಹೇಳುವಾಗ ನನಗೆ ಸಂತೋಷವಾಗುತ್ತಿದೆ ಎಂದರೆ ನೀವು ನಂಬಬೇಕಾಗಿಲ್ಲ. ನೋವೂ ಆಗುತ್ತಿದೆ.

ಕೊಟ್ಟ ಗಡಿಯಾರಕ್ಕೆ, ಹೂವಿಗೆ, ಇಷ್ಟು ವರ್ಷ ಜೊತೆಗೆ ಕೂತು ತಿಂದ ಊಟದ ಡಬ್ಬಿಗಳಿಗೆ, ಪಟ್ಟಿಯನ್ನು ನಂಬಿದ ಪೈಲಟರಿಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮ್ಮೆಲ್ಲರಿಗೆ ನನ್ನ ಕೃತಜ್ಞತೆಗಳು. 'ಯಾಕೆ' ಎಂದು ಕೇಳುತ್ತಲೇ ಇರುವ ಆ ಮಗಳಿಗೆ ಕೃತಜ್ಞತೆ ಎಂಬ ಮಾತು ಸಾಲದು, ಬೇರೆ ಮಾತು ನನಗೆ ಹೊಳೆಯುತ್ತಿಲ್ಲ.

ಇನ್ನೊಂದೇ ಮಾತು, ಅದು ಮೊದಲ ಸಾಲಿಗೆ. ಸೋಮವಾರದ್ದೇ ಟಿಕೆಟ್ ತೆಗೆಸಿಬಿಡು. ಯಾರೂ ಫೋನ್ ಮಾಡಲ್ಲ.

ಎಲ್ಲರಿಗೂ ನಮಸ್ಕಾರ.